ಪಾವು, ಚೌಕಾಬಾರ, ಕಟ್ಟೆಯ ನೀರು: ಮನೆಯಲ್ಲೇ ಕೈಯಾರೆ ಕಲಿಯುವ ಬಗೆ

ನನ್ನ ಮಗಳು ಮೂರನೇ ಕ್ಲಾಸು. ಅರ್ಧ, ಕಾಲು, ಮುಕ್ಕಾಲು ಎಲ್ಲವನ್ನೂ ಪುಸ್ತಕದಲ್ಲಿ ಚೆಂದವಾಗಿ ಬಣ್ಣ ತುಂಬಿ ತೋರಿಸುತ್ತಿದ್ದಳು. ಒಂದು ಸಂಜೆ ಮಂಡ್ಯದ ನಮ್ಮ ಮನೆಯ ಅಡುಗೆಮನೆಯಿಂದ ಅತ್ತೆ ಕೂಗಿದರು: "ಮಗಾ, ಒಂದೂವರೆ ಪಾವು ಅಕ್ಕಿ ತಂದ್ಕೊಡವ್ವ." ಅವಳು ಒಂದು ಪಾವು ತುಂಬಿ ತಟ್ಟೆಗೆ ಸುರಿದಳು. ಆಮೇಲೆ ಪಾವು ಹಿಡಿದು ನಿಂತೇ ಇದ್ದಳು. "ಅಜ್ಜಿ, ಅರ್ಧಕ್ಕೆ ಇದರಲ್ಲಿ ಗೆರೆ ಇಲ್ವಲ್ಲ?" ಅಂದಳು.

ಪುಸ್ತಕದ ಅರ್ಧಕ್ಕೂ ಅಕ್ಕಿಯ ಅರ್ಧಕ್ಕೂ ಅವಳ ತಲೆಯಲ್ಲಿ ನಂಟೇ ಇರಲಿಲ್ಲ. ಅವತ್ತಿನಿಂದ ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ, ಮನೆಯ ಸಾಮಾನು ಇಟ್ಟುಕೊಂಡೇ ಏನಾದರೊಂದು ಮಾಡುತ್ತಾ ಬಂದಿದ್ದೇವೆ. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಹೊಂದುತ್ತದೆ.

ಮಾಡಿ ಕಲಿಯುವುದು ನಮ್ಮ ಕಡೆಗೆ ಹೊಸದೇನಲ್ಲ. ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ ಶುರುವಾದದ್ದೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿತು. ಶಾಲೆಯಲ್ಲಿ ಕಾರ್ಡು, ಹಾಡು, ಆಟದಿಂದ ಮಾಡುವುದನ್ನು ನಾವು ಮನೆಯಲ್ಲಿ ಪಾವು, ಬಕೆಟ್ಟು, ಹುಣಸೆ ಬೀಜದಿಂದ ಮಾಡಬಹುದು, ಅಲ್ವಾ?

ಶುರು ಮಾಡುವ ಮುನ್ನ

ಒಂದು ನೋಟ್‌ಬುಕ್ ಬೇಕು. ಗೆರೆ ಇಲ್ಲದ್ದಾದರೆ ಒಳ್ಳೆಯದು, ಚಿತ್ರವನ್ನೂ ಬರೆಯಬಹುದು. ಪ್ರತಿ ಕೆಲಸಕ್ಕೂ ಅದರಲ್ಲಿ ಮೂರು ಸಾಲು: ನಾನು ಅಂದಾಜು ಮಾಡಿದ್ದು, ನಿಜವಾಗಿ ಸಿಕ್ಕಿದ್ದು, ಯಾಕೆ ಹೀಗಾಯ್ತು.

ಮೊದಲ ಸಾಲನ್ನು ಯಾವತ್ತೂ ಬಿಡಬೇಡಿ. ಅಳೆಯುವ ಮುಂಚೆ ಮಗು ಒಂದು ಅಂದಾಜು ಹೇಳಲೇಬೇಕು. ಅಂದಾಜು ಹೇಳಿದ ಮಗುವಿಗೆ ಉತ್ತರ ತಿಳಿಯುವ ಆಸೆ ತಾನಾಗೇ ಬರುತ್ತದೆ. ಹೇಳದ ಮಗು ನಾವು ಹೇಳಿದ್ದನ್ನು ಸುಮ್ನೆ ಮಾಡಿ ಮುಗಿಸುತ್ತದೆ. ಅಂದಾಜು ತಪ್ಪಾದರೆ ಅಳಿಸಲು ಬಿಡಬೇಡಿ, ಪಕ್ಕದಲ್ಲೇ ಸರಿಯಾದದ್ದನ್ನು ಬರೆಯಲಿ. ಇನ್ನು ನಮ್ಮ ಪಾಲಿನ ಕೆಲಸ ಒಂದೇ: ಉತ್ತರ ಬಾಯಿಗೆ ಬಂದರೂ ತಡೆದುಕೊಳ್ಳುವುದು. ನನಗೆ ಇದೇ ಎಲ್ಲಕ್ಕಿಂತ ಕಷ್ಟವಾದದ್ದು.

ಪಾವು, ಸೇರು, ಅರೆಪಾವು

ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅಕ್ಕಿ ಅಳೆಯುವುದು ಪಾವಿನಲ್ಲೇ. ನಾಲ್ಕು ಪಾವು ಸೇರಿದರೆ ಒಂದು ಸೇರು. ಎರಡು ಪಾವು ಅಚ್ಚೇರು, ಅಂದರೆ ಅರ್ಧ ಸೇರು. ಭಿನ್ನರಾಶಿ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ.

1. ಪಾವು, ಸೇರು ಎರಡನ್ನೂ ಮಗುವಿನ ಮುಂದಿಡಿ. ಸೇರು ತುಂಬಲು ಎಷ್ಟು ಪಾವು ಬೇಕು ಅಂತ ಅಂದಾಜು ಬರೆಸಿ. ನಾಲ್ಕು ಅಂತ ನೀವು ಹೇಳಬೇಡಿ.
2. ರಾಗಿ ಹಾಕಿ ತುಂಬಲಿ. ಮೇಲೆ ಗೋಪುರದ ಹಾಗೆ ನಿಲ್ಲುತ್ತದಲ್ಲ, ಅದನ್ನು ಕಡ್ಡಿಯಿಂದ ಸಮ ಮಾಡಿಸಿ. ತಲೆ ತಟ್ಟಿ ಅಳೆಯುವುದಕ್ಕೂ ತುಂಬಿ ತುಳುಕುವ ಹಾಗೆ ಅಳೆಯುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಅವರೇ ನೋಡಲಿ.
3. ಈಗ ಅರ್ಧ ಪಾವು ಮಾಡಲು ಹೇಳಿ. ಗೆರೆ ಇಲ್ಲ, ಅರೆಪಾವಿನ ಅಳತೆ ಕೊಡಬೇಡಿ. ನನ್ನ ಮಗಳು ಮೊದಲು ಕಣ್ಣಳತೆಯಲ್ಲಿ ಸುರಿದಳು. ಆಮೇಲೆ ಒಂದು ಪಾವನ್ನು ಒಂದೇ ಥರದ ಎರಡು ಲೋಟಕ್ಕೆ ಸಮನಾಗಿ ಹಂಚಿದಳು. ಅದೇ ಅರ್ಧ! ಅದನ್ನು ಅವಳೇ ಕಂಡುಕೊಂಡಳು.
4. ಅಡುಗೆಮನೆಯ ತಕ್ಕಡಿ ಇದ್ದರೆ ಒಂದು ಪಾವು ಅಕ್ಕಿ, ಒಂದು ಪಾವು ರಾಗಿ, ಒಂದು ಪಾವು ಅವಲಕ್ಕಿ ತೂಗಿಸಿ. ಪಾವು ಒಂದೇ, ತೂಕ ಮೂರು. ಯಾಕೆ ಅಂತ ಮೂರನೇ ಸಾಲಿನಲ್ಲಿ ಬರೆಯಲಿ. ಪಾವಿನಲ್ಲಿ ಅಳೆಯುವುದು ಜಾಗವನ್ನು, ತೂಕವನ್ನಲ್ಲ ಅನ್ನುವುದು ದೊಡ್ಡವರಿಗೂ ಸಲೀಸಾಗಿ ಹೊಳೆಯುವುದಿಲ್ಲ.

ಒಂದೊಂದು ಮನೆಯ ಪಾವು ಒಂದೊಂದು ಗಾತ್ರ ಇರಬಹುದು. ಅಜ್ಜಿ ಮನೆಗೆ ಹೋದಾಗ ಅಲ್ಲಿಯ ಪಾವಿಗೆ ನೀರು ತುಂಬಿ ಎಷ್ಟು ಮಿಲಿಲೀಟರು ಅಂತ ಅಳೆದು ಬರಲು ಹೇಳಿ. ಲೀಟರು, ಕಿಲೋ ಅಂತ ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕಾಯ್ತು ಅನ್ನುವುದಕ್ಕೆ ಬೇರೆ ಪಾಠ ಬೇಡ.

ಚೌಕಾಬಾರ

ಇದನ್ನು ನಾನು ಆಟ ಅಂತಲೇ ಶುರು ಮಾಡಿದ್ದು. ಗಣಿತ ಇದೆ ಅಂತ ಆಮೇಲೆ ಗೊತ್ತಾಯಿತು. ಕೂಡುವುದು, ಕಳೆಯುವುದು, ಮುಂದಾಲೋಚನೆ, ಸಂಭವ ಎಲ್ಲವೂ ಇದರಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹಿರಿಯರು ಗುರುಗಳಾಗಿ ಬಂದು ಕೂರುತ್ತಾರೆ.

ಮೊದಲು ಮನೆ ಬರೆಯಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಕ್ಕೆ ಐದು, ಉದ್ದಕ್ಕೆ ಐದು ಚೌಕ. ಸ್ಕೇಲ್ ಹಿಡಿದು ಮಗುವೇ ಬರೆಯಲಿ. ನಾಲ್ಕೂ ಬದಿಯ ನಡುವಿನ ಚೌಕಕ್ಕೆ ಮತ್ತು ಮಧ್ಯದ ಚೌಕಕ್ಕೆ ಅಡ್ಡಗೆರೆ ಎಳೆಯಬೇಕು. ಆಗ ಕೇಳಿ: ಹೊರಸುತ್ತಿನಲ್ಲಿ ಎಷ್ಟು ಮನೆ? ಒಳಸುತ್ತಿನಲ್ಲಿ? ಎಣಿಸಿದರೆ 16, 8, ಮಧ್ಯಕ್ಕೆ 1. ಒಟ್ಟು 25, ಅಂದರೆ ಐದೈದಲ ಇಪ್ಪತ್ತೈದು. ಮಗ್ಗಿ ನೆಲದ ಮೇಲೆ ಕಾಣುತ್ತದೆ.

ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ಸಾಕು. ಒಂದು ಬದಿಯನ್ನು ಒರಟು ಕಲ್ಲಿಗೆ ಬೆಳ್ಳಗಾಗುವವರೆಗೆ ಉಜ್ಜಬೇಕು. ಈ ಉಜ್ಜುವ ಕೆಲಸ ಮಕ್ಕಳಿಗೆ ತುಂಬಾ ಇಷ್ಟ. ಉಜ್ಜಿದಾಗ ಬೀಜ ಬಿಸಿಯಾಗುತ್ತದೆ, ಅದನ್ನು ಮುಟ್ಟಿ ನೋಡಲಿ. ನಾಲ್ಕನ್ನೂ ಎಸೆದಾಗ ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ ಎಸೆಯುವ ಅವಕಾಶ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತು ಮುಗಿಸಿ, ಒಳಸುತ್ತು ಹಾದು, ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ನಮ್ಮ ಮನೆಯ ಆಟದಲ್ಲಿ ಒಂದು ಕಾಯಿ ಹಣ್ಣಾಗಲು 24 ಮನೆ ನಡೆಯಬೇಕು. ಸಣ್ಣಪುಟ್ಟ ನಿಯಮ ಮನೆಯಿಂದ ಮನೆಗೆ ಬೇರೆ. ನಿಮ್ಮ ಅಜ್ಜಿ ಹೇಳಿದ್ದೇ ಸರಿ.

ನಾಲ್ಕೈದು ದಿನ ಸುಮ್ನೆ ಆಡಿ. ಒಂದು ದಿನ ಮಗುವೇ ಕೇಳುತ್ತದೆ: "ಬಾರ ಯಾಕೆ ಬೀಳೋದೇ ಇಲ್ಲ?" ಆವಾಗ ನೋಟ್‌ಬುಕ್ ತೆಗೆಯಿರಿ.

80 ಸಲ ಎಸೆಯಬೇಕು. ಪ್ರತಿ ಸಲವೂ ಒಂದು, ಎರಡು, ಮೂರು, ಚೌಕ, ಬಾರ ಅಂತ ಐದು ಕಾಲಂನಲ್ಲಿ ಕಡ್ಡಿ ಗೆರೆ. ಐದನೇ ಗೆರೆ ಅಡ್ಡಕ್ಕೆ. ಇಬ್ಬರು ಎಸೆದು ಒಬ್ಬರು ಬರೆದರೆ ಇಪ್ಪತ್ತು ನಿಮಿಷದ ಕೆಲಸ. ಬೀಜಗಳು ಎರಡೂ ಬದಿಗೆ ಸಮವಾಗಿ ಬೀಳುವುದಾದರೆ ಹೆಚ್ಚುಕಮ್ಮಿ 20 ಒಂದು, 30 ಎರಡು, 20 ಮೂರು, 5 ಚೌಕ, 5 ಬಾರ ಬರಬೇಕು.

ಯಾಕೆ ಅಂತ ತೋರಿಸುವುದು ಸುಲಭ. ನಾಲ್ಕನೇ, ಐದನೇ ಕ್ಲಾಸಿನ ಮಗು ನಾಲ್ಕು ಬೀಜದ ಕಪ್ಪು ಬಿಳುಪನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೋ ಅಷ್ಟನ್ನೂ ಚಿತ್ರ ಬರೆಯಲಿ. ಒಟ್ಟು 16 ಬಗೆ ಸಿಗುತ್ತವೆ. ಅದರಲ್ಲಿ ಎರಡು ಬಿಳಿ ಇರುವುದು ಆರು ಬಗೆ. ನಾಲ್ಕೂ ಕಪ್ಪು ಇರುವುದು ಒಂದೇ ಬಗೆ. ಅದಕ್ಕೇ ಬಾರ ಅಪರೂಪ. ನಿಮ್ಮ ಎಣಿಕೆ ಇದಕ್ಕೆ ಹೊಂದದಿದ್ದರೆ ಇನ್ನೂ ಒಳ್ಳೆಯದು. ನೀವು ಉಜ್ಜಿದ ಬೀಜ ಒಂದು ಬದಿಗೇ ಜಾಸ್ತಿ ಬೀಳುತ್ತಿರಬಹುದು. ಕವಡೆಯಲ್ಲಿ ಮತ್ತೆ 80 ಸಲ ಎಸೆದು ಎರಡನ್ನೂ ಹೋಲಿಸಿ.

ಚುಕ್ಕಿ ರಂಗೋಲಿ

ಬಾಗಿಲ ಮುಂದೆ ಒಂದು, ಮೂರು, ಐದು, ಏಳು, ಮತ್ತೆ ಐದು, ಮೂರು, ಒಂದು ಹೀಗೆ ಚುಕ್ಕಿ ಇಡಿಸಿ. ಒಟ್ಟು ಎಷ್ಟಾಗುತ್ತದೆ ಅಂತ ಮೊದಲು ಅಂದಾಜು. ಎಣಿಸಿದರೆ 25. ಈಗ ಒಂದರಿಂದ ಏಳರವರೆಗಿನ ಸಾಲು ಮಾತ್ರ ಕೂಡಿಸಿ: 1, 3, 5, 7 ಸೇರಿ 16, ಅಂದರೆ ನಾಲ್ಕು ನಾಲ್ಕಲ. ಒಂಬತ್ತು ಸೇರಿಸಿದರೆ ಐದೈದಲ. ಬೆಸಸಂಖ್ಯೆ ಕೂಡಿಸುತ್ತಾ ಹೋದರೆ ಪ್ರತಿ ಸಲವೂ ಚೌಕ ಸಂಖ್ಯೆಯೇ ಬರುತ್ತದೆ. ಆಮೇಲೆ ಅರ್ಧ ರಂಗೋಲಿ ನೀವು ಬರೆದು, ಉಳಿದರ್ಧವನ್ನು ಕನ್ನಡಿಯಲ್ಲಿ ಕಂಡ ಹಾಗೆ ಬರೆಯಲು ಮಗುವಿಗೆ ಬಿಡಿ. ಗಂಡುಮಕ್ಕಳಿಗೂ ಇದನ್ನು ಕಲಿಸಿ. ಧನುರ್ಮಾಸದಲ್ಲಿ ಬೆಳಿಗ್ಗೆ ಎದ್ದು ಮಾಡಲು ಒಂದು ಕಾರಣವೂ ಸಿಗುತ್ತದೆ.

ಕಬ್ಬಿನ ಕಣ್ಣು, ಸಕ್ಕರೆಯ ಹರಳು

ಮಂಡ್ಯ ಸಕ್ಕರೆ ನಾಡು. ಇಲ್ಲಿ ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ. ಆದರೂ ಪೇಟೆಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕಬ್ಬು ಅಂದರೆ ಸಂಕ್ರಾಂತಿಯ ಎಳ್ಳು ಬೆಲ್ಲದ ಜೊತೆ ಬರುವ ತುಂಡು, ಅಷ್ಟೇ. ಅದೇ ಹಬ್ಬದ ಕಬ್ಬಿನಿಂದ ಈ ಕೆಲಸ ಮಾಡಬಹುದು.

ಕಬ್ಬಿನ ಗೆಣ್ಣನ್ನು ಮುಟ್ಟಿ ನೋಡಲು ಹೇಳಿ. ಪ್ರತಿ ಗೆಣ್ಣಿನಲ್ಲೂ ಒಂದು ಸಣ್ಣ ಮೊಗ್ಗಿದೆ. ರೈತರು ಅದನ್ನು ಕಣ್ಣು ಅನ್ನುತ್ತಾರೆ. ಒಂದು ಗೆಣ್ಣು ನಡುವೆ ಬರುವ ಹಾಗೆ ಗೇಣುದ್ದ ಕತ್ತರಿಸಿ. ಕತ್ತರಿಸುವುದು ದೊಡ್ಡವರ ಕೆಲಸ. ಅಗಲವಾದ ಕುಂಡದಲ್ಲಿ ಅಡ್ಡ ಮಲಗಿಸಿ, ಎರಡು ಬೆರಳಷ್ಟು ಮಣ್ಣು ಮುಚ್ಚಿ. ಮಣ್ಣು ಒದ್ದೆ ಇರಲಿ, ಕೆಸರಾಗಬಾರದು. ಪಕ್ಕದಲ್ಲೇ ಕಣ್ಣಿಲ್ಲದ ಇನ್ನೊಂದು ತುಂಡನ್ನೂ ಹೂಳಿ. ಅದೇ ದಿನ ಒಂದು ಲೋಟದಲ್ಲಿ ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಡಿ.

ಹೆಸರುಕಾಳು ಒಂದೆರಡು ದಿನಕ್ಕೆ ಮೊಳಕೆ ಒಡೆಯುತ್ತದೆ. ಕಬ್ಬಿಗೆ ಎರಡು ಮೂರು ವಾರ ಬೇಕು. ಈ ಕಾಯುವುದೂ ಪಾಠವೇ. ದಿನಾ ತೋಡಿ ನೋಡದಂತೆ ತಡೆಯುವುದು ಮಾತ್ರ ನಿಮ್ಮ ತಲೆನೋವು. ಕಣ್ಣಿಲ್ಲದ ತುಂಡು ಮೊಳೆಯುವುದಿಲ್ಲ. ಹಾಗಾದರೆ ಕೆಲವು ಗಿಡ ಬೀಜದಿಂದ, ಕೆಲವು ಕಾಂಡದಿಂದ. ಮನೆಯ ಸುತ್ತ ಯಾವ್ಯಾವುದು ಹಾಗೆ ಅಂತ ಪಟ್ಟಿ ಮಾಡಲಿ: ಮಲ್ಲಿಗೆ, ವೀಳ್ಯದೆಲೆ, ನುಗ್ಗೆ, ದಾಸವಾಳ. ಬೀದಿಯವರನ್ನು ಕೇಳಿಕೊಂಡು ಬಂದರೆ ಪಟ್ಟಿ ಇನ್ನೂ ಉದ್ದವಾಗುತ್ತದೆ.

ಕಬ್ಬಿಗೆ ಕಾಯುವಾಗಲೇ ಸಕ್ಕರೆ ಹರಳು ಬೆಳೆಸಿ. ಒಂದು ಲೋಟ ನೀರು ಕಾಯಿಸಿ, ಅದೇ ಲೋಟದಲ್ಲಿ ಮೂರು ಲೋಟ ಸಕ್ಕರೆ ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸಿ. ಒಲೆ ಮುಂದೆ ನೀವೇ ಇರಿ, ಸಕ್ಕರೆ ಪಾಕದ ಸುಡುಗಾಯ ನೀರಿನದಕ್ಕಿಂತ ಕೆಟ್ಟದ್ದು. ತಣ್ಣಗಾದ ಮೇಲೆ ಗಾಜಿನ ಲೋಟಕ್ಕೆ ಸುರಿದು, ಒದ್ದೆ ಮಾಡಿ ಸಕ್ಕರೆಯಲ್ಲಿ ಹೊರಳಿಸಿ ಒಣಗಿಸಿದ ದಾರವನ್ನು ಕಡ್ಡಿಗೆ ಕಟ್ಟಿ ಇಳಿಬಿಡಿ. ತೆಳು ಬಟ್ಟೆ ಮುಚ್ಚಿ, ಇರುವೆ ಬರದಂತೆ ನೀರಿನ ತಟ್ಟೆಯಲ್ಲಿಡಿ. ಅಲುಗಾಡಿಸಬಾರದು. ಒಂದು ವಾರಕ್ಕೆ ಕಲ್ಲುಸಕ್ಕರೆಯಂಥ ಹರಳು ದಾರಕ್ಕೆ ಕಟ್ಟುತ್ತದೆ. ದಾರಕ್ಕೆ ಅಂಟಿದ ಸಕ್ಕರೆ ಕಾಳೇ ಹರಳಿಗೆ ಬೀಜ. ಕಾರ್ಖಾನೆಯಲ್ಲೂ ಪಾಕಕ್ಕೆ ಸಣ್ಣ ಹರಳು ಹಾಕಿಯೇ ಸಕ್ಕರೆ ಕಟ್ಟಿಸುತ್ತಾರೆ.

ಕಟ್ಟೆಯಲ್ಲಿ ಎಷ್ಟು ನೀರು?

ಜೂನ್ ಬಂತೆಂದರೆ ನಮ್ಮ ಕಡೆ ಟೀ ಅಂಗಡಿಯಲ್ಲೂ ಇದೇ ಮಾತು: "ಕಟ್ಟೆ ಎಷ್ಟಾಯ್ತು?" ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟಿನ, ನೀರಿನ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದೆ. ಪೂರ್ತಿ ಮಟ್ಟ 124.80 ಅಡಿ. ಮಗುವಿಗೆ ದಶಾಂಶ, ಗ್ರಾಫು, ಪೇಪರ್ ಓದುವುದು ಮೂರನ್ನೂ ಒಟ್ಟಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ವಿಷಯ ನನಗಂತೂ ಸಿಕ್ಕಿಲ್ಲ.

1. ಚೌಕುಳಿ ಹಾಳೆಯಲ್ಲಿ ಕೆಳಗೆ ತಾರೀಖು, ಎಡಕ್ಕೆ 80ರಿಂದ 125ರವರೆಗೆ ಅಡಿ ಗುರುತು ಹಾಕಿಸಿ. ಮೇಲೆ 124.80ಕ್ಕೆ ಕೆಂಪು ಗೆರೆ.
2. ದಿನಾ ಬೆಳಿಗ್ಗೆ ಪೇಪರಿನಿಂದ ಇವತ್ತಿನ ಮಟ್ಟ, ಒಳಹರಿವು, ಹೊರಹರಿವು ಬರೆದುಕೊಂಡು ಒಂದು ಚುಕ್ಕಿ ಇಡಲಿ. ಇದು ಎರಡು ನಿಮಿಷದ ಕೆಲಸ.
3. ಭಾನುವಾರ ಚುಕ್ಕಿ ಸೇರಿಸಿ ಗೆರೆ ಎಳೆದು, ಮುಂದಿನ ಭಾನುವಾರ ಎಲ್ಲಿಗೆ ಬರಬಹುದು ಅಂತ ಪೆನ್ಸಿಲಿನಲ್ಲಿ ಅಂದಾಜು ಚುಕ್ಕಿ ಇಡಲಿ.

ಒಳಹರಿವು ಕ್ಯೂಸೆಕ್‌ನಲ್ಲಿ ಬರುತ್ತದೆ. ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಹೇಳಿದರೆ ತಲೆಗೆ ಹೋಗುವುದಿಲ್ಲ, ಮಾಡಿಸಬೇಕು. ಹಳೇ ರಟ್ಟಿನಿಂದ ಉದ್ದ, ಅಗಲ, ಎತ್ತರ ಒಂದೊಂದು ಅಡಿ ಇರುವ ಡಬ್ಬ ಕಟ್ಟಿಸಿ. ಅದರಲ್ಲಿ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. ಸ್ನಾನದ ಬಕೆಟ್ಟಿನಲ್ಲಿ ಎರಡು ಅಂದುಕೊಳ್ಳಿ. ಈಗ ನಲ್ಲಿ ಬಿಟ್ಟು ಒಂದು ಬಕೆಟ್ಟು ತುಂಬಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ನೋಡಿ ಎಣಿಸಲಿ. ಆ ನೀರನ್ನು ಗಿಡಕ್ಕೋ ಬಟ್ಟೆಗೋ ಬಳಸಿ. ನಮ್ಮ ನಲ್ಲಿಯಲ್ಲಿ ನಿಮಿಷಗಟ್ಟಲೆ ಬೇಕಾಯಿತು. ಕಟ್ಟೆಗೆ ಒಂದು ಸೆಕೆಂಡಿನಲ್ಲಿ ಇಂಥ ಸಾವಿರಾರು ಡಬ್ಬ ನೀರು ಬರುತ್ತದೆ ಅಂದಾಗ ಮಗಳು ಕಣ್ಣು ಮುಚ್ಚಿ ಕೂತಳು, ಅಷ್ಟು ಡಬ್ಬಗಳನ್ನು ಕಲ್ಪಿಸಿಕೊಳ್ಳಲು.

ಇದೇ ಮಳೆಗಾಲದಲ್ಲಿ ತಾರಸಿಯ ಮೇಲೆ ನೆಟ್ಟಗಿನ ಗೋಡೆಯ, ಚಪ್ಪಟೆ ತಳದ ಸ್ಟೀಲ್ ಡಬ್ಬಿಯನ್ನೂ ಇಡಿ. ಬೆಳಿಗ್ಗೆ ಸ್ಕೇಲ್ ಅದ್ದಿ ಎಷ್ಟು ಮಿಲಿಮೀಟರ್ ನೀರಿದೆ ಅಂತ ಓದಲಿ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು. ಸಾವಿರ ಚದರ ಅಡಿ ತಾರಸಿ ಸುಮಾರು 93 ಚದರ ಮೀಟರ್. ಹಾಗಾದರೆ 10 ಮಿ.ಮೀ. ಮಳೆಗೆ ಆ ತಾರಸಿಯಿಂದ ಇಳಿದು ಹೋಗುವ ನೀರು ಸುಮಾರು 930 ಲೀಟರ್. ನಿಮ್ಮ ಮನೆಯ ಲೆಕ್ಕವನ್ನು ಮಗು ಮಾಡಲಿ.

ಅರಿಶಿನ ಕೆಂಪಾಗುವುದು

ಆರತಿ ನೀರಿಗೆ ಅರಿಶಿನ, ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಇದು. ಅರಿಶಿನ ನೀರಿನಲ್ಲಿ ಬಿಳಿ ಕಾಗದ ಅದ್ದಿ ಒಣಗಿಸಿ ಪಟ್ಟಿ ಕತ್ತರಿಸಿ. ಸೋಪಿನ ನೀರು, ನಿಂಬೆರಸ, ಹುಣಸೆ ನೀರು, ಮಜ್ಜಿಗೆ, ಸುಣ್ಣದ ತಿಳಿ ಒಂದೊಂದು ಹನಿ ಹಾಕಿ. ಸೋಪು, ಸುಣ್ಣ ಬಿದ್ದ ಕಡೆ ಕೆಂಪು. ಆ ಕೆಂಪಿನ ಮೇಲೆ ನಿಂಬೆರಸ ಹಾಕಿದರೆ ಮತ್ತೆ ಹಳದಿ. ಸುಣ್ಣ ಮಾತ್ರ ನೀವೇ ಹಾಕಿ, ಕಣ್ಣಿಗೆ ಹೋಗಬಾರದು.

ಹೊರಗೆ ಹೋಗುವ ದಿನ

ಹೊರಗೆ ಕರೆದುಕೊಂಡು ಹೋದಾಗ ಎಲ್ಲವನ್ನೂ ತೋರಿಸುವ ಆಸೆ ಬಿಡಿ. ಒಂದು ಜಾಗಕ್ಕೆ ಒಂದೇ ಕೆಲಸ. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿನಲ್ಲಿ ಕೊಕ್ಕು ಮಾತ್ರ ನೋಡಿ. 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಚಮಚದಂಥ ಕೊಕ್ಕು, ನಡುವೆ ಸಂದು ಬಿಟ್ಟ ಬಾಯ್ಕಳಕದ ಕೊಕ್ಕು, ಚೀಲ ಇರುವ ಹೆಜ್ಜಾರ್ಲೆಯ ಕೊಕ್ಕು, ಮೂರನ್ನು ನೋಟ್‌ಬುಕ್ಕಿನಲ್ಲಿ ಬರೆದರೆ ಸಾಕು. ಮನೆಗೆ ಬಂದು ಒಂದು ಬೋಗುಣಿ ನೀರಿಗೆ ಕಡಲೆಕಾಳು, ಅಕ್ಕಿ, ಎಲೆ ಚೂರು ಹಾಕಿ ಚಮಚ, ಇಕ್ಕಳ, ಜರಡಿಯಿಂದ ಎತ್ತಿ ನೋಡಲಿ. ಯಾವುದರಿಂದ ಯಾವುದು ಸುಲಭ? ಹಕ್ಕಿಯ ಕೊಕ್ಕಿಗೂ ಅದರ ಊಟಕ್ಕೂ ಇರುವ ಸಂಬಂಧ ಕೈಗೆ ಸಿಗುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಾದರೆ ಊರ ಮರಗಳಲ್ಲೇ ಹೆಜ್ಜಾರ್ಲೆ, ಕೊಕ್ಕರೆ ಗೂಡು ಕಟ್ಟುತ್ತವೆ. ಅಲ್ಲಿ ಒಂದೇ ಮರದ ಗೂಡುಗಳನ್ನು ಎಣಿಸಿ ಬನ್ನಿ. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಒಂದೇ ಇಂಜಿನ್ನಿನ ಚಕ್ರ ಎಣಿಸಿ, ದೊಡ್ಡದೆಷ್ಟು ಸಣ್ಣದೆಷ್ಟು ಅಂತ ಬರೆದರೆ ಸಾಕು.

ಮಗು ಬೇಡ ಅಂದರೆ ಅವತ್ತು ಬಿಟ್ಟುಬಿಡಿ. ಬಲವಂತ ಮಾಡಿದ ದಿನಗಳ ಪುಟ ನಮ್ಮ ನೋಟ್‌ಬುಕ್ಕಿನಲ್ಲಿ ಖಾಲಿಯೇ ಇವೆ. ಒಂದು, ಎರಡನೇ ಕ್ಲಾಸಿನವರು ಬರೆಯುವ ಬದಲು ಹೇಳಲಿ, ನೀವು ಬರೆದುಕೊಳ್ಳಿ, ಅವರ ಮಾತಿನಲ್ಲೇ. ಇಂಗ್ಲಿಷ್ ಮೀಡಿಯಂ ಮಕ್ಕಳಾದರೂ "ಯಾಕೆ ಹೀಗಾಯ್ತು" ಅನ್ನುವ ಸಾಲು ಮನೆಮಾತಿನಲ್ಲಿರಲಿ. ಯೋಚನೆ ಆ ಮಾತಿನಲ್ಲೇ ಸರಾಗವಾಗಿ ಬರುತ್ತದೆ.

ನೆರಳು ಮಾಯವಾಗುವ ಮಧ್ಯಾಹ್ನ

ಇದಕ್ಕೆ ತಾರಸಿ, ನೀರು ತುಂಬಿದ ಬಾಟಲಿ, ಸೀಮೆಸುಣ್ಣ ಸಾಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಗಂಟೆಗೊಮ್ಮೆ ಬಾಟಲಿಯ ನೆರಳಿನ ತುದಿ ಗುರುತು ಮಾಡಿ ಹೊತ್ತು ಬರೆಯಲಿ. ನೆರಳು ಯಾವಾಗ ತೀರಾ ಚಿಕ್ಕದು? ಮಕ್ಕಳೂ ದೊಡ್ಡವರೂ ಹನ್ನೆರಡು ಅನ್ನುತ್ತಾರೆ. ಹನ್ನೊಂದೂಮುಕ್ಕಾಲಿನಿಂದ ಒಂದರವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿದರೆ ಹನ್ನೆರಡು ದಾಟಿದ ಮೇಲೆಯೇ ಅಂತ ಕಾಣುತ್ತದೆ. ತಿಂಗಳಿಗೆ ತಕ್ಕಂತೆ 12.05ರಿಂದ 12.40ರ ನಡುವೆ. ನಮ್ಮ ಗಡಿಯಾರ ನಡೆಯುವುದು ಪೂರ್ವದಲ್ಲಿ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಅಲ್ಲಿ ನೆತ್ತಿಗೆ ಬಂದ ಸೂರ್ಯ ಇಲ್ಲಿಗೆ ಬರಲು ಇಪ್ಪತ್ತಮೂರು ನಿಮಿಷದಷ್ಟು ಬೇಕು. ಭೂಪಟ ಹಾಸಿ ಎರಡೂ ಜಾಗದ ಮೇಲೆ ಬೆರಳಿಡಿಸಿ.

ವರ್ಷಕ್ಕೆ ಎರಡು ದಿನ ಮೈಸೂರು, ಮಂಡ್ಯದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್ 22, 23ರ ಸುಮಾರಿಗೆ ಒಮ್ಮೆ, ಆಗಸ್ಟ್ 20ರ ಸುಮಾರಿಗೆ ಇನ್ನೊಮ್ಮೆ. ನೆಟ್ಟಗೆ ನಿಂತ ವಸ್ತುವಿಗೆ ಆ ಹೊತ್ತಿನಲ್ಲಿ ಪಕ್ಕಕ್ಕೆ ನೆರಳೇ ಬೀಳುವುದಿಲ್ಲ. ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ, ಉಳಿದಂತೆ ಉತ್ತರಕ್ಕೆ. ಆಗಸ್ಟಿನಲ್ಲಿ ಮೋಡ ಇರುವುದೇ ಜಾಸ್ತಿ, ಆದ್ದರಿಂದ ಏಪ್ರಿಲ್ ದಿನವನ್ನು ಬಿಡಬೇಡಿ. ಶಾಲೆಗೂ ಆಗ ರಜೆ. ಹಿಂದಿನ ದಿನ, ಮಾರನೇ ದಿನ ಎರಡೂ ನೋಡಿ. ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ತಲೆಗೆ ಟೋಪಿ, ಕಾಲಿಗೆ ಚಪ್ಪಲಿ ಹಾಕಿಸಿ ಮೇಲೆ ಕರೆದುಕೊಂಡು ಹೋಗಿ. ಸೂರ್ಯನನ್ನು ನೇರ ನೋಡಬಾರದು ಅಂತ ಮೊದಲೇ ಹೇಳಿ. ಮಟ್ಟವಾದ ಜಾಗದಲ್ಲಿ ಬಾಟಲಿ ನಿಲ್ಲಿಸಿ, ನೆರಳು ಬಾಟಲಿಯ ಬುಡಕ್ಕೆ ಸೇರಿಕೊಂಡಾಗ ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಪಕ್ಕದಲ್ಲಿ ಹೊತ್ತು ಬರೆಯಲು ಮಗುವಿಗೆ ಹೇಳಿ.